ಕಾಗೆ ದಡ್ಡ ಹಕ್ಕಿಯಲ್ಲ, ಗೆಳೆಯಾ

ಪ್ರಿಯ ಗೆಳೆಯಾ,

ಮೊನ್ನೆ ನೀನು ಕಳಿಸಿದ ವಿಡಿಯೊ ನೋಡಿ ನಾನೂ ನಕ್ಕೆ. ಹಿಡಿಯಷ್ಟೂ ಇಲ್ಲದ ಹಕ್ಕಿಯೊಂದು ತನಗಿಂತ ಎಷ್ಟೋ ಪಟ್ಟು ದೊಡ್ಡ ಮರಿಯ ಬೆನ್ನೇರಿ ನಿಂತು, ಅದರ ಬಾಯೊಳಗೆ ತಲೆ ತೂರಿಸಿ ಹುಳ ತಿನ್ನಿಸುತ್ತಿದೆ. ‘ಇಷ್ಟು ದಡ್ಡತನವೂ ಉಂಟೇ? ನಮ್ಮ ಕಾಗೆಯೂ ಹೀಗೆಯೇ ಅಲ್ಲವೇ!’ ಎಂದು ಬರೆದಿದ್ದೆ. ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕದೆ ಬಿಡುವವನಲ್ಲ. ಅದಕ್ಕೇ ಈ ಪತ್ರ.

ನಿನ್ನ ವಿಡಿಯೊದಲ್ಲಿರುವುದು ಯುರೋಪಿನ ಕುಕ್ಕೂ ಎಂಬ ಹಕ್ಕಿಯ ಮರಿ. ನಮ್ಮ ಕೋಗಿಲೆಯ ಹಾಗೆ ಕುಕ್ಕೂ ಕೂಡ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಸಾಕುತ್ತಿರುವುದು ರೀಡ್ ವಾರ್ಬ್ಲರ್ ಎಂಬ, ಜೊಂಡಿನ ನಡುವೆ ಗೂಡು ಕಟ್ಟುವ ಉಲಿಯಕ್ಕಿ. ಅದರ ತೂಕ ಸುಮಾರು 12 ಗ್ರಾಂ. ಗೂಡು ಬಿಡುವ ಹೊತ್ತಿಗೆ ಮರಿ ನೂರು ಗ್ರಾಂ ಆಸುಪಾಸು ಇರುತ್ತದೆ. ವಿಡಿಯೊದಲ್ಲಿ ಕಾಣದ ಸಂಗತಿಯೊಂದಿದೆ. ಈ ಮರಿ ಮೊಟ್ಟೆಯೊಡೆದು ಬಂದ ಒಂದೆರಡು ದಿನದಲ್ಲೇ, ಕಣ್ಣು ಬಿಡುವ ಮೊದಲು, ಮೈಮೇಲೆ ಒಂದು ಪುಕ್ಕವೂ ಇಲ್ಲದಿರುವಾಗ, ಪಕ್ಕದ ಮೊಟ್ಟೆಯ ಕೆಳಗೆ ನುಸುಳುತ್ತದೆ. ಅದರ ಬೆನ್ನ ಮೇಲೊಂದು ತಗ್ಗಿರುತ್ತದೆ. ಮೊಟ್ಟೆ ಅದರಲ್ಲಿ ಕೂರುತ್ತದೆ. ಕಾಲುಗಳನ್ನು ಗೂಡಿನ ಗೋಡೆಗೆ ಒತ್ತಿ, ಹಿಂದೆ ಹಿಂದೆ ಸರಿಯುತ್ತಾ ಅಂಚಿಗೆ ಹತ್ತಿ, ಒಂದು ಸಲ ಮೈ ಕೊಡವಿ ಮೊಟ್ಟೆಯನ್ನು ಆಚೆ ಬೀಳಿಸುತ್ತದೆ. ತುಸು ಸುಧಾರಿಸಿಕೊಂಡು ಮುಂದಿನದಕ್ಕೆ ಹೋಗುತ್ತದೆ. ಆ ಮೊಟ್ಟೆಗಳು ಆಗಲೇ ಒಡೆದು ಮರಿಗಳಾಗಿದ್ದರೆ ಅವಕ್ಕೂ ಅದೇ ಗತಿ. ಎಡ್ವರ್ಡ್ ಜೆನ್ನರ್ ಇದನ್ನು 1788ರಲ್ಲಿ ವಿವರವಾಗಿ ಬರೆದಾಗ ನಂಬದವರು ಬಹಳ ಮಂದಿ. ಹೌದು, ಮುಂದೆ ಸಿಡುಬಿಗೆ ಲಸಿಕೆ ಕಂಡುಹಿಡಿದ ಜೆನ್ನರ್ ಅವರೇ.

ಆಮೇಲೆ ಗೂಡಿನಲ್ಲಿ ಅದೊಂದೇ. ಆದರೆ ಕೂಗುವಾಗ ಗೂಡು ತುಂಬ ಮರಿಗಳು ಒಟ್ಟಿಗೆ ಹಸಿದು ಕೂಗಿದಂತೆ ಒಂದೇ ಸಮನೆ ಕೂಗುತ್ತದೆ. ಆ ಪುಟ್ಟ ತಾಯಿ ಮೂರು ನಾಲ್ಕು ಮರಿಗಳಿಗಾಗುವಷ್ಟು ಹುಳ ತಂದು ತಂದು ಸುರಿಯುವುದು ಆ ಕೂಗಿಗೆ.

ಈಗ ದಡ್ಡತನದ ಮಾತಿಗೆ ಬರುತ್ತೇನೆ. ಇದೇ ಉಲಿಯಕ್ಕಿ ಮೊಟ್ಟೆಯ ವಿಷಯದಲ್ಲಿ ಬಲು ಚುರುಕು. ಬಣ್ಣ, ಚುಕ್ಕೆ ತುಸು ಬೇರೆಯಾಗಿ ಕಂಡರೂ ಎಷ್ಟೋ ಸಲ ಅದನ್ನು ಎತ್ತಿ ಎಸೆಯುತ್ತದೆ, ಇಲ್ಲವೇ ಗೂಡನ್ನೇ ಬಿಟ್ಟು ಹೋಗುತ್ತದೆ. ಕುಕ್ಕೂ ಅದಕ್ಕಾಗಿಯೇ ತಲೆಮಾರುಗಳಿಂದ ನಕಲಿ ತಯಾರಿಸುವುದರಲ್ಲಿ ಪಳಗಿದೆ: ಬೇರೆ ಬೇರೆ ಹಕ್ಕಿಗಳನ್ನು ನೆಚ್ಚಿಕೊಂಡ ಬೇರೆ ಬೇರೆ ವಂಶಗಳು, ಒಂದೊಂದರದೂ ಒಂದೊಂದು ಬಗೆಯ ಮೊಟ್ಟೆ. ಹೆಣ್ಣು ಕುಕ್ಕೂ ಮೊಟ್ಟೆ ಇಡಲು ತೆಗೆದುಕೊಳ್ಳುವುದು ಹತ್ತು ಸೆಕೆಂಡುಗಳಷ್ಟೇ. ಹೋಗುವಾಗ ಲೆಕ್ಕ ತಪ್ಪದಂತೆ ಮನೆಯವರದೊಂದು ಮೊಟ್ಟೆ ಕೊಕ್ಕಿನಲ್ಲಿ ಹೊತ್ತೊಯ್ಯುತ್ತದೆ.

ಮೊಟ್ಟೆಯ ಚುಕ್ಕೆ ಗುರುತಿಸುವ ಹಕ್ಕಿಗೆ ಆನೆಗಾತ್ರದ ಮರಿ ಏಕೆ ಕಾಣುವುದಿಲ್ಲ? ವಿಜ್ಞಾನಿಗಳು ಕೊಡುವ ವಿವರಣೆಯೊಂದು ನನಗೆ ಬಹಳ ಹಿಡಿಸಿತು. ಮೊದಲ ಸಲ ಮೊಟ್ಟೆಯಿಟ್ಟಾಗ ಗೂಡಿನಲ್ಲಿದ್ದುದನ್ನು ನೋಡಿಯೇ ಹಕ್ಕಿ ‘ನನ್ನ ಮೊಟ್ಟೆ ಹೀಗಿರುತ್ತದೆ’ ಎಂದು ಕಲಿಯುತ್ತದೆ. ಕಳ್ಳಮೊಟ್ಟೆ ನಡುವೆ ಇದ್ದರೂ ಸ್ವಂತದ್ದೂ ಇರುವುದರಿಂದ ಹೆಚ್ಚು ಅಪಾಯವಿಲ್ಲ. ಮರಿಯನ್ನೂ ಹಾಗೆಯೇ ನೋಡಿ ಕಲಿಯಲು ಹೊರಟರೆ? ಚೊಚ್ಚಲ ಗೂಡಿನಲ್ಲೇ ಕುಕ್ಕೂ ಬಂದು ಸೇರಿದರೆ ಅದು ಉಳಿದವನ್ನೆಲ್ಲ ಹೊರದೂಡಿರುತ್ತದೆ. ತಾಯಿಗೆ ಕಾಣುವುದು ಅದೊಂದೇ ಮುಖ. ಮುಂದಿನ ವರ್ಷ ಹೊಟ್ಟೆಯಲ್ಲಿ ಹುಟ್ಟಿದ ಮರಿಗಳನ್ನೇ ‘ಇವು ನನ್ನವಲ್ಲ’ ಎಂದು ಬಿಟ್ಟಾಳು, ಅದರ ಮುಂದಿನ ವರ್ಷವೂ. ಬದುಕಿಡೀ ಸಂತಾನವಿಲ್ಲದೆ ಹೋಗುವುದಕ್ಕಿಂತ ಒಂದು ಋತುವಿನ ದುಡಿಮೆ ಕಳ್ಳನ ಪಾಲಾಗುವುದೇ ಅಗ್ಗ. ನೀನು ದಡ್ಡತನ ಎಂದದ್ದು ಈ ಲೆಕ್ಕವನ್ನು.

ಲೆಕ್ಕಕ್ಕೆ ಬೇರೆ ದಾರಿ ಕಂಡುಕೊಂಡ ಹಕ್ಕಿಯೂ ಇದೆ. ಆಸ್ಟ್ರೇಲಿಯಾದ ಫೇರಿರೆನ್ ಕಾವು ಕೂತಾಗಲೇ ಮೊಟ್ಟೆಗಳಿಗೆ ಒಂದು ವಿಶೇಷ ಸ್ವರ ಹಾಡುತ್ತದೆ. ಹೊರಬಂದ ಮರಿಗಳು ಆ ಸ್ವರ ಸೇರಿಸಿಯೇ ತುತ್ತು ಕೇಳಬೇಕು. ಅಲ್ಲಿನ ಕುಕ್ಕೂ ಬೇಗ ಮೊಟ್ಟೆಯೊಡೆಯುವುದರಿಂದ ಅದಕ್ಕೆ ಪಾಠ ಪೂರ್ತಿ ಕೇಳುವಷ್ಟು ದಿನ ಸಿಗುವುದಿಲ್ಲ. ಇದು ಗೊತ್ತಾದದ್ದು 2012ರಲ್ಲಿ. ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ನಿನಗೆ ಇದು ಅತಿ ಎನಿಸಬಹುದು.

ಇನ್ನು ಕಾಗೆ. ಕೋಗಿಲೆ ಮರಿ ಸಾಮಾನ್ಯವಾಗಿ ಕಾಗೆಯ ಮೊಟ್ಟೆಗಳನ್ನು ಹೊರದೂಡುವುದಿಲ್ಲ. ಕೆಲವು ದಿನ ಮೊದಲೇ ಹುಟ್ಟಿ ತುತ್ತಿಗೆ ಮುಂದೆ ನಿಲ್ಲುತ್ತದೆ, ಅಷ್ಟೇ. ಕಾಗೆಯ ಮರಿಗಳು ಜೊತೆಯಲ್ಲೇ ಬೆಳೆದು ಹಾರುವುದೂ ಉಂಟು. ಗಂಡು ಕೋಗಿಲೆ ಗೂಡಿನ ಬಳಿ ಸದ್ದು ಮಾಡಿ ಕಾಗೆಗಳು ತನ್ನನ್ನು ಅಟ್ಟಿಸಿಕೊಂಡು ಬರುವಂತೆ ಮಾಡುವಾಗ ಹೆಣ್ಣು ಸದ್ದಿಲ್ಲದೆ ಒಳಗೆ ಹೋಗಿ ಬರುತ್ತದೆ. (ಕುಹೂ ಎಂದು ಹಾಡುವುದೂ ಗಂಡೇ. ಹಾಡುಗಾರ್ತಿಯರನ್ನು ಕೋಗಿಲೆ ಎಂದು ಹೊಗಳುವವರಿಗೆ ಯಾರಾದರೂ ತಿಳಿಸಬೇಕು.) ನಮ್ಮ ಹಿರಿಯರು ಇದನ್ನೆಲ್ಲ ನೋಡಿದ್ದರು. ಕೋಗಿಲೆಗೆ ಪರಪುಟ್ಟ, ಪರಭೃತ ಎಂಬ ಹೆಸರುಗಳಿವೆ, ಬೇರೆಯವರು ಸಾಕಿದ್ದು ಎಂದು. ಕಾಗೆಗೂ ಅದರ ಪಾಲು ಕೊಟ್ಟಿದ್ದಾರೆ: ಪರಭೃತ್, ಬೇರೆಯವರನ್ನು ಸಾಕುವುದು. ನಿನ್ನ ಹಾಗೆ ದಡ್ಡ ಎಂದು ಹೆಸರಿಟ್ಟಿಲ್ಲ.

ಹೋದ ತಿಂಗಳು ಮಹಡಿಯ ಕಟ್ಟೆಯ ಮೇಲೆ ಒಂದು ಮರಿ ಕೂತಿತ್ತು. ಕರಿಮೈ, ಉದ್ದ ಬಾಲ. ಯಾವುದೋ ಕಾಯಿಲೆಯ ಕಾಗೆಮರಿ ಎಂದುಕೊಂಡೆ. ದನಿ ಕೇಳಿದ ಮೇಲೆ ಗೊತ್ತಾಯಿತು. ಕಾಗೆ ಬಂದ ಕೂಡಲೇ ಮೈ ಕುಗ್ಗಿಸಿ, ರೆಕ್ಕೆ ಅದುರಿಸಿ, ಬಾಯಿ ಅಗಲಿಸಿ ಚೀರುತ್ತಿತ್ತು. ಕಾಗೆ ಗಂಟಲಿನವರೆಗೂ ಕೊಕ್ಕು ಇಳಿಸಿ ತುತ್ತು ಹಾಕಿ, ಕೊಕ್ಕನ್ನು ಕಟ್ಟೆಗೆ ಉಜ್ಜಿ ಹಾರಿಹೋಗುತ್ತಿತ್ತು. ಮೂರು ವಾರ ಹೀಗೆಯೇ ನಡೆಯಿತು.

ಇವತ್ತು ಬೆಳಿಗ್ಗೆ ಮರಿ ಎದುರಿನ ಮರದಲ್ಲಿ ತಾನೇ ಹಣ್ಣು ಕುಕ್ಕುತ್ತಿತ್ತು. ಕಾಗೆ ಕೊಕ್ಕಿನಲ್ಲಿ ಏನನ್ನೋ ಹಿಡಿದು ಬಂದು ಕಟ್ಟೆಯ ಮೇಲೆ ಕೂತಿತು. ಅತ್ತ ನೋಡಿತು, ಇತ್ತ ನೋಡಿತು. ಆಮೇಲೆ ಅದನ್ನು ಕಾಲಡಿ ಇಟ್ಟುಕೊಂಡು ತಾನೇ ತಿಂದಿತು.

ಇಂತಿ ನಿನ್ನ ಗೆಳೆಯ