ಕ್ಷೌರದ ಕತ್ತಿಗೆ ಲಾರಿ ಪಟ್ಟಿ ಬೇಡ

ಮಾನ್ಯರೇ,

ಮಲೆನಾಡಿನಲ್ಲಿ ಹವ್ಯಾಸಕ್ಕೆಂದು ಕುಲುಮೆ ಹಾಕಿಕೊಂಡವರು ಮಡಚುವ ಕ್ಷೌರದ ಕತ್ತಿಗೆ ಕೈಹಾಕಿದಾಗ ಮೊದಲ ತಪ್ಪು ಗುಜರಿ ಅಂಗಡಿಯಲ್ಲೇ ಆಗುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿ ತರುತ್ತಾರೆ. ಹೆಗ್ಗತ್ತಿಗೆ, ಮೆಟ್ಟುಗತ್ತಿಗೆ ಅದು ಒಳ್ಳೆಯ ಉಕ್ಕೇ, ಏಟು ತಾಳುತ್ತದೆ. ಆದರೆ ಇಂಗಾಲ ಶೇ 0.6ರ ಆಸುಪಾಸು, ಗಡ್ಡ ಹೆರೆಯುವಷ್ಟು ತೆಳು ಬಾಯಿ ಅದರಲ್ಲಿ ನಿಲ್ಲುವುದಿಲ್ಲ. ಶೇ 1ಕ್ಕೆ ಮೇಲ್ಪಟ್ಟ ಇಂಗಾಲದ ಹಳೆಯ ಅರವೇ (ಲೋಹ ಉಜ್ಜುವ ಫೈಲ್) ವಾಸಿ. ಬೇರಿಂಗ್ ಉಕ್ಕಿನಲ್ಲೂ ಇಂಗಾಲ ಸಾಕಷ್ಟಿದೆ, ಆದರೆ ಅದನ್ನು ಒಂದೇ ಕಾವಿನಲ್ಲಿ ಹಲವು ನಿಮಿಷ ಹಿಡಿದಿಡಬೇಕು. ಇದ್ದಿಲ ಕುಲುಮೆಯಲ್ಲಿ ಅದು ಕಷ್ಟ.

ಅರವನ್ನು ಕೆಂಪಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟರೆ ಮೆದುವಾಗುತ್ತದೆ. ಹಲ್ಲುಗಳನ್ನು ಬುಡಸಮೇತ ಉಜ್ಜಿ ತೆಗೆಯಿರಿ. ಒಂದು ಗೀರು ಉಳಿದರೂ ಹದ ಹಾಕುವಾಗ, ಅಂದರೆ ಕಾಯಿಸಿ ಎಣ್ಣೆಗದ್ದಿ ಗಟ್ಟಿ ಮಾಡುವಾಗ, ಬಿರುಕು ಅಲ್ಲಿಂದಲೇ ಏಳುತ್ತದೆ. ಅಳತೆಯಲ್ಲಿ ಅಂದಾಜು ನಡೆಯದು. ಅಲಗಿನ ಅಗಲ 18 ಮಿ.ಮೀ. ಇದ್ದರೆ ಬೆನ್ನು 5 ಮಿ.ಮೀ. ಆಗ ಬಾಯಿಯ ಕೋನ ಸುಮಾರು 16 ಡಿಗ್ರಿ. ಮಸೆಯುವಾಗ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರುವುದರಿಂದ ಈ ಕೋನವನ್ನು ಆಮೇಲೆ ತಿದ್ದಲಾಗದು. ಬೆನ್ನು ತೆಳುವಾದರೆ ಬಾಯಿ ಚಕ್ಕೆಯೇಳುತ್ತದೆ, ದಪ್ಪವಾದರೆ ಕೂದಲು ಜಗ್ಗುತ್ತದೆ.

ಹದ ಹಾಕುವ ಮುನ್ನ ಬಾಯಿಯಲ್ಲಿ ಅರ್ಧ ಮಿ.ಮೀ. ದಪ್ಪ ಉಳಿಸಿ, ಇಲ್ಲದಿದ್ದರೆ ಅಲಗು ಹಪ್ಪಳದಂತೆ ಸೊಟ್ಟಗಾಗುತ್ತದೆ. ಅಯಸ್ಕಾಂತ ಅಂಟದಂತಾದ ಮೇಲೆ ಇನ್ನೊಂದು ಛಾಯೆ ಕೆಂಪೇರಲಿ, ಅಂದರೆ 800 ಡಿಗ್ರಿ ಸೆಲ್ಸಿಯಸ್ ಹತ್ತಿರ. ನೀರಿಗೆ ಅದ್ದಬೇಡಿ, ಸೀಳುತ್ತದೆ. 50 ಡಿಗ್ರಿಗೆ ಬೆಚ್ಚಗಾದ ಶೇಂಗಾ ಎಣ್ಣೆ ಸಾಕು. ಹೊಸ ಅರ ಅಲಗಿನ ಮೇಲೆ ಕಚ್ಚದೆ ಜಾರಿದರೆ ಹದ ಹಿಡಿದಿದೆ. ತಡಮಾಡದೆ 190 ಡಿಗ್ರಿ ಓವನ್‌ನಲ್ಲಿ ಎರಡೆರಡು ಗಂಟೆ, ಎರಡು ಸಲ ಇಡಿ.

ಕೆಲಸ ಕೆಡುವುದು ಹೆಚ್ಚಾಗಿ ಇದಾದ ಮೇಲೆ, ಸಾಣೆ ಚಕ್ರದಲ್ಲಿ. ಬರಿಗೈಯಲ್ಲಿ ಹಿಡಿದು, ಬಿಸಿ ತಾಗಿದೊಡನೆ ನೀರಿಗದ್ದಿ. ಬಾಯಿ ನೀಲಿಗೆ ತಿರುಗಿದರೆ ಹದ ಹೋಯಿತು. ಬಣ್ಣ ಉಜ್ಜಿ ತೆಗೆದರೆ ಕಣ್ಣಿಗೆ ಮಾತ್ರ ಸರಿಯಾಗುತ್ತದೆ! ಬಳಿಕ 1000, 4000, 8000, 12000 ಗ್ರಿಟ್ (ನುಣುಪಿನ ಅಂಕಿ) ಕಲ್ಲುಗಳು, ಕೊನೆಗೆ ಬೆನ್ನು ಮುಂದಾಗಿ ಚರ್ಮದ ಪಟ್ಟಿಯ ಮೇಲೆ 40-50 ಎಳೆತ.

ಹಿಡಿಗೆ ಹಲಸಿನ ಮರವಾದೀತು, ಚೆನ್ನಾಗಿ ಒಣಗಿರಬೇಕಷ್ಟೆ. ಆಗುಂಬೆ, ಹೊಸನಗರದ ಕಡೆಯ ಮಳೆಗಾಲದಲ್ಲಿ ಕತ್ತಿಯನ್ನು ಚರ್ಮದ ಚೀಲದಲ್ಲಿಡಬೇಡಿ. ಚರ್ಮ ತೇವ ಹೀರಿ ಬಾಯಿಗೇ ತುಕ್ಕು ಹಿಡಿಸುತ್ತದೆ. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಹಿಡಿಯ ಮೊಳೆಯ ಸಂದಿಗೂ ಒಂದು ಹನಿ ಬಿಡಿ.

– ಹವ್ಯಾಸಿ ಕಮ್ಮಾರರು, ತೀರ್ಥಹಳ್ಳಿ