ನೋಫ್ ಹಗಲಿಲ್ ಮೇಯರ್ ಅವರಿಗೆ: ಅರಬ್ ಮಕ್ಕಳಿಗೂ ಊರಲ್ಲೇ ಶಾಲೆ ಕೊಡಿ

ಮಾನ್ಯ ಮೇಯರ್ ಅವರೇ,

ನಮಸ್ಕಾರ. ನಾನು ಕಾಸರಗೋಡಿನ ಕನ್ನಡತಿ. ಇಸ್ರೇಲ್‌ನ ಉತ್ತರದ ಗಲಿಲಾಯದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನನಗೆ ಇಲ್ಲಿ ಓಟಿಲ್ಲ. ಆದರೂ ಕೇಳದೆ ಇರಲು ಆಗುತ್ತಿಲ್ಲ. ನಿಮ್ಮ ಊರಿನ ಜನಸಂಖ್ಯೆ 40,000ಕ್ಕಿಂತ ಜಾಸ್ತಿ. ಅದರಲ್ಲಿ ನೂರಕ್ಕೆ ಸುಮಾರು 30 ಮಂದಿ ಅರಬರು. ಅವರ ಮಕ್ಕಳಿಗೆ ಅರಬ್ಬಿ ಮಾಧ್ಯಮದ ಒಂದು ಸರ್ಕಾರಿ ಶಾಲೆಯೂ ಯಾಕಿಲ್ಲ?

ಈ ಅರಬರು ಇಲ್ಲಿಗೆ ಸುಮ್ನೆ ಬಂದವರಲ್ಲ. 1950ರ ದಶಕದಲ್ಲಿ ಅರಬರ ಊರಾದ ನಜರೇತ್ ಪಕ್ಕದ ಗುಡ್ಡದಲ್ಲಿ ಯಹೂದಿಗಳಿಗಾಗಿ ಈ ಊರು ಎದ್ದಿತು. ಅರಬರ ಜಮೀನನ್ನೂ ಅದಕ್ಕೆ ಸ್ವಾಧೀನ ಮಾಡಿಕೊಂಡರು. 1990ರ ನಂತರ ಸೋವಿಯತ್ ಕಡೆಯಿಂದ ಸಾವಿರಾರು ಯಹೂದಿ ಕುಟುಂಬಗಳು ಬಂದು ನೆಲೆಸಿದವು. ಅತ್ತ ಕೆಳಗಿನ ನಜರೇತ್ ಇಕ್ಕಟ್ಟಾಗುತ್ತಲೇ ಹೋಯಿತು, ಮನೆ ಕಟ್ಟಲು ಜಾಗ ಉಳಿಯಲಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದ್ದ ಅರಬರು ಮೇಲೆ ಬಂದು ಮನೆ ಕೊಂಡರು. ವೈದ್ಯರು, ವಕೀಲರು, ಮೇಷ್ಟ್ರುಗಳು ಅವರಲ್ಲಿದ್ದಾರೆ. ನಗರಸಭೆಗೆ ಅರ್ನೋನಾ ಎಂಬ ಮನೆ ತೆರಿಗೆ ಕಟ್ಟುತ್ತಾರೆ. ಮಕ್ಕಳು ಮಾತ್ರ ದಿನಾ ಓದಲು ನಜರೇತ್‌ಗೆ ಹೋಗಬೇಕು.

ಅಲ್ಲಿನ ಚರ್ಚ್ ಶಾಲೆಗಳು ಒಳ್ಳೆಯವೇ. ಆದರೆ ಫೀಸು ಕೊಡಬೇಕು. ಸರ್ಕಾರದ ಅನುದಾನ ಸಾಲದೆ 2015ರ ಸೆಪ್ಟೆಂಬರ್‌ನಲ್ಲಿ ದೇಶದ ಚರ್ಚ್ ಶಾಲೆಗಳೆಲ್ಲ ವಾರಗಟ್ಟಲೆ ಮುಷ್ಕರ ಹೂಡಿದ್ದವು. ಸಂಬಳ ಚೆನ್ನಾಗಿರುವ ಮನೆಯವರು ಫೀಸನ್ನೂ ಓಡಾಟದ ಖರ್ಚನ್ನೂ ಹೇಗೋ ಹೊಂದಿಸುತ್ತಾರೆ. ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ದುಡಿಯುವ ಅಮ್ಮ ಏನು ಮಾಡಬೇಕು? ಊರಿನ ಸರಾಸರಿ ಆದಾಯ ನೋಡಿದರೆ ಅವಳ ಕಷ್ಟ ಕಾಣಿಸುವುದಿಲ್ಲ.

2013ರಲ್ಲಿ ಆಗಿನ ಮೇಯರ್ ಶಿಮೋನ್ ಗಾಪ್ಸೊ, ತಾನು ಇರುವ ತನಕ ಇಲ್ಲಿ ಅರಬ್ ಶಾಲೆ ಆಗದು ಎಂದು ಖಡಾಖಂಡಿತವಾಗಿ ಹೇಳಿದ್ದರು. ಊರಿನ ಯಹೂದಿ ಗುರುತು ಅಳಿಯುತ್ತದೆ ಎಂಬುದು ಅವರ ವಾದ. ಗಲಿಲಾಯದ ಇನ್ನೊಂದು ಊರು ಕರ್ಮಿಯೇಲ್‌ನಲ್ಲೂ ಇದೇ ಮಾತು ಬಂತು. ಅಲ್ಲಿನ ಅರಬ್ ಮಕ್ಕಳ ಬಸ್ ಖರ್ಚಿನ ದಾವೆಯನ್ನು 2020ರಲ್ಲಿ ಕೆಳ ನ್ಯಾಯಾಲಯ ತಳ್ಳಿಹಾಕಿತು. ಇಸ್ರೇಲ್ ಯಹೂದಿಗಳ ರಾಷ್ಟ್ರ ಎನ್ನುವ 2018ರ ರಾಷ್ಟ್ರ-ರಾಜ್ಯ ಕಾನೂನನ್ನೂ ಅದಕ್ಕೆ ಕಾರಣವಾಗಿ ಕೊಟ್ಟಿತು. ಮೇಲಿನ ನ್ಯಾಯಾಲಯ ದಾವೆಯನ್ನು ಎತ್ತಿಹಿಡಿಯಲಿಲ್ಲ, ಆದರೆ ಆ ಕಾರಣವನ್ನು ಒಪ್ಪಲಿಲ್ಲ. ನನಗೆ ಇದು ಮುಖ್ಯ ಅನಿಸುತ್ತದೆ. ಆರು ವರ್ಷದ ಮಗು ತನ್ನ ಭಾಷೆಯಲ್ಲಿ ಅಕ್ಷರ ಕಲಿತರೆ ಯಾರ ಗುರುತು ಅಳಿಯುತ್ತದೆ, ಹೇಳಿ?

ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಎಷ್ಟೋ ವರ್ಷ ಆಯಿತು. ನಮಗೂ ಅಲ್ಲಿ ದೂರುಗಳಿವೆ. ಆದರೆ ಕೇರಳ ಸರ್ಕಾರದ್ದೇ ಕನ್ನಡ ಮಾಧ್ಯಮ ಶಾಲೆಗಳು ಇವತ್ತಿಗೂ ನಡೆಯುತ್ತಿವೆ. ಇದರಿಂದ ಕೇರಳಕ್ಕೇನೂ ಕಡಿಮೆಯಾಗಿಲ್ಲ.

ಎಲ್ಲ ತರಗತಿಗಳನ್ನೂ ಒಂದೇ ಸಲ ತೆರೆಯಿರಿ ಎನ್ನುತ್ತಿಲ್ಲ. ಒಂದನೇ ತರಗತಿಯಿಂದ ಶುರು ಮಾಡಿ. ಹೀಬ್ರೂವನ್ನೂ ಚೆನ್ನಾಗಿ ಕಲಿಸಿ, ಅರಬ್ ತಂದೆತಾಯಿಗೂ ಅದು ಬೇಕು. ಅರಬರು ಹೆಚ್ಚಿರುವ ಬಡಾವಣೆಯಲ್ಲೇ ಜಾಗ ಗುರುತಿಸಿ, ಶಿಕ್ಷಣ ಸಚಿವಾಲಯಕ್ಕೆ ನಿಮ್ಮ ನಗರಸಭೆಯಿಂದಲೇ ಪ್ರಸ್ತಾವ ಹೋಗಲಿ. ಶಾಲಾ ವರ್ಷ ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತದೆ. ಅದಕ್ಕೆ ಮೊದಲು ಆ ಪ್ರಸ್ತಾವ ಕಳಿಸಿ, ಯಾವಾಗ ಕಳಿಸಿದಿರಿ ಎಂದು ಊರಿಗೆ ತಿಳಿಸಿ.

ಇಂತಿ,
ಕಾಸರಗೋಡಿನ ಒಬ್ಬ ಕನ್ನಡತಿ