ಇಂಗ್ಲಿಷ್ ಕ್ರಿಯಾಪದ ಯಾರ ಮಾತು ಕೇಳಬೇಕು?

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ಇಂಗ್ಲಿಷಿನ ಕರ್ತೃ–ಕ್ರಿಯಾಪದ ಹೊಂದಾಣಿಕೆಯ ಪಾಠವೆಂದರೆ ನಿಯಮಗಳ ಉದ್ದನೆಯ ಪಟ್ಟಿ. ಕನ್ನಡ ಬಲ್ಲವರು ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ ಎಂಬುದು ಮಾತ್ರ ಅಲ್ಲಿರುವುದಿಲ್ಲ. ಅಲ್ಲಿಂದಲೇ ಪಾಠ ಶುರುಮಾಡಿದರೆ ಪಟ್ಟಿ ಅರ್ಧಕ್ಕಿಳಿದೀತು.

ನಮ್ಮ ಕ್ರಿಯಾಪದ ಲಿಂಗ, ವಚನ, ಪುರುಷ ಮೂರನ್ನೂ ಹೊತ್ತು ನಡೆಯುತ್ತದೆ: ಬರುತ್ತೇನೆ, ಬರುತ್ತೀಯ, ಬರುತ್ತಾಳೆ, ಬರುತ್ತಾರೆ. ಇಂಗ್ಲಿಷಿನದು ಇದರ ಮುಂದೆ ಬಡಪಾಯಿ. ಆ್ಯಮ್, ಈಸ್, ಆರ್, ವಾಸ್, ವರ್ ಬಿಟ್ಟರೆ ಬದಲಾವಣೆ ಒಂದೇ ಕಡೆ: ವರ್ತಮಾನ ಕಾಲದಲ್ಲಿ ‘ಹಿ’, ‘ಶಿ’, ‘ಇಟ್’ ಅಥವಾ ಅವುಗಳ ಜಾಗದಲ್ಲಿ ನಿಲ್ಲುವ ಏಕವಚನದ ನಾಮಪದ ಕರ್ತೃವಾದಾಗ ಕ್ರಿಯಾಪದದ ಕೊನೆಗೆ ‘ಎಸ್’ ಸೇರುತ್ತದೆ, ‘ಹ್ಯಾವ್’ ‘ಹ್ಯಾಸ್’ ಆಗುತ್ತದೆ. ‘ಕ್ಯಾನ್’, ‘ವಿಲ್’, ‘ಮಸ್ಟ್’ ಅಲುಗಾಡುವುದೇ ಇಲ್ಲ. ಅಂದಹಾಗೆ, ಇಂಗ್ಲಿಷಿನ ‘ಥರ್ಡ್ ಪರ್ಸನ್’ ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ! ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಪ್ರಥಮ ಪುರುಷವನ್ನೇ ‘ಫಸ್ಟ್ ಪರ್ಸನ್’ ಎಂದುಕೊಂಡು ‘ಐ ಗೋಸ್’ ಎಂದು ಬರೆದರೆ ಅಚ್ಚರಿಯಿಲ್ಲ.

ನಾಮಪದಕ್ಕೆ ಸೇರಿದ ‘ಎಸ್’ ಬಹುವಚನ, ಕ್ರಿಯಾಪದಕ್ಕೆ ಸೇರಿದ್ದು ಏಕವಚನ. ‘ದಿ ಬಾಯ್ ಪ್ಲೇಸ್’, ‘ದಿ ಬಾಯ್ಸ್ ಪ್ಲೇ’: ಸಾಮಾನ್ಯವಾಗಿ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರದು. ಪ್ರಶ್ನೆ, ನಿಷೇಧ ಬಂದರೆ ಆ ‘ಎಸ್’ ಅನ್ನು ‘ಡಸ್’ ನುಂಗಿಬಿಡುತ್ತದೆ. ಹಾಗಾಗಿ ‘ಡಸ್ ಹಿ ನೋ’ ಸರಿ, ‘ಡಸ್ ಹಿ ನೋಸ್’ ತಪ್ಪು.

ದೊಡ್ಡ ಬಲೆ ಇರುವುದು ಪದಗಳ ಜಾಗದಲ್ಲಿ. ‘ಹೆಸರುಗಳ ಪಟ್ಟಿ ಸಿದ್ಧವಾಗಿದೆ’ ಎನ್ನುವಾಗ ವಿಶೇಷಣವೆಲ್ಲ ಹಿಂದೆ ಸರಿದು ‘ಪಟ್ಟಿ’ ಕ್ರಿಯಾಪದದ ಕಡೆಗೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಕ್ರಮ ತಿರುಗುಮುರುಗು: ‘ದಿ ಲಿಸ್ಟ್ ಆಫ್ ನೇಮ್ಸ್’. ಕ್ರಿಯಾಪದದ ಪಕ್ಕದಲ್ಲಿ ಬಹುವಚನದ ‘ನೇಮ್ಸ್’ ಕುಳಿತಿರುವುದರಿಂದ ಕೈ ತಾನಾಗಿ ‘ಆರ್’ ಬರೆಯುತ್ತದೆ. ಬೇಕಾದದ್ದು ‘ಈಸ್’. ಪರಿಹಾರ ಸರಳ. ‘ಆಫ್’, ‘ಇನ್’, ‘ಅಲಾಂಗ್ ವಿತ್’, ‘ಆ್ಯಸ್ ವೆಲ್ ಆ್ಯಸ್’ಗಳಿಂದ ಶುರುವಾಗುವ ತುಂಡಿಗೆ ಪೆನ್ಸಿಲಿನಲ್ಲಿ ಆವರಣ ಹಾಕಿ, ಹೊರಗೆ ಉಳಿದದ್ದನ್ನು ‘ಇಟ್’, ‘ಹಿ’ ಅಥವಾ ‘ದೇ’ ಎಂದು ಬದಲಿಸಿ ಓದಬೇಕು. ‘ಒನ್ ಆಫ್ ದಿ ಸ್ಟೂಡೆಂಟ್ಸ್ ಈಸ್ ಆಬ್ಸೆಂಟ್’ ಏಕೆಂದು ಆಗ ತಾನೇ ತಿಳಿಯುತ್ತದೆ.

ಈ ಉಪಾಯ ಕೈಕೊಡುವ ಜಾಗವೂ ಇದೆ. ‘ಸಮ್ ಆಫ್’, ‘ಮೋಸ್ಟ್ ಆಫ್’, ‘ಎ ಲಾಟ್ ಆಫ್’ ಬಂದರೆ ಆವರಣದ ಒಳಗೇ ಇಣುಕಬೇಕು: ‘ಮೋಸ್ಟ್ ಆಫ್ ದಿ ವಾಟರ್ ಈಸ್’, ‘ಮೋಸ್ಟ್ ಆಫ್ ದಿ ಬುಕ್ಸ್ ಆರ್’. ‘ದಿ ನಂಬರ್ ಆಫ್’ ಏಕವಚನ, ‘ಎ ನಂಬರ್ ಆಫ್’ ಬಹುವಚನ.

ಇನ್ನೊಂದು ಎಡವು ನಮ್ಮ ಗೌರವ ಬಹುವಚನದ್ದು. ‘ಅಪ್ಪ ಬರುತ್ತಾರೆ’ ಎಂಬ ಅಭ್ಯಾಸದಲ್ಲಿ ‘ಮೈ ಫಾದರ್ ಕಮ್’ ಎಂದುಬಿಡುತ್ತೇವೆ. ಇಂಗ್ಲಿಷ್ ಕ್ರಿಯಾಪದಕ್ಕೆ ಮರ್ಯಾದೆಯ ರೂಪವಿಲ್ಲ. ‘ಕಮ್ಸ್’ ಅಂದರೆ ಅಪ್ಪನಿಗೆ ಏಕವಚನ ಹಾಕಿದಂತಲ್ಲ. ಹಾಗೆಯೇ ‘ಎಲ್ಲರೂ ಬಂದಿದ್ದಾರೆ’ ನಮಗೆ ಬಹುವಚನ, ‘ಎವ್ರಿವನ್’ ಮುಂದೆ ಮಾತ್ರ ‘ಹ್ಯಾಸ್’. ‘10 ಕಿಲೋಮೀಟರ್ ದೂರವಾಯಿತು’ ಎನ್ನುವಲ್ಲಿ ಕನ್ನಡ ಕೈಹಿಡಿಯುತ್ತದೆ. ಒಟ್ಟು ಅಳತೆಗೆ ಇಂಗ್ಲಿಷಿನಲ್ಲೂ ‘ಈಸ್’. ‘ನ್ಯೂಸ್’ ಏಕವಚನ, ‘ಪೊಲೀಸ್’ ಬಹುವಚನ ಎಂಬಂಥವನ್ನು ಬಾಯಿಪಾಠ ಮಾಡುವುದೇ ದಾರಿ.

‘ದಿ ಟೀಮ್’ ಮುಂದೆ ಬ್ರಿಟಿಷರು ‘ಆರ್’ ಅನ್ನೂ ಬಳಸುತ್ತಾರೆ, ಅಮೆರಿಕನ್ನರು ಸಾಮಾನ್ಯವಾಗಿ ‘ಈಸ್’ ಅನ್ನುತ್ತಾರೆ. ‘ನನ್ ಆಫ್ ದೆಮ್’ ಮುಂದೆ ಎರಡೂ ಚಾಲ್ತಿಯಲ್ಲಿವೆ. ಇಂಥವುಗಳಲ್ಲಿ ಒಂದಕ್ಕೆ ಮಾತ್ರ ಅಂಕ ಕೊಟ್ಟು ಇನ್ನೊಂದಕ್ಕೆ ಕೆಂಪುಗೆರೆ ಎಳೆಯುವ ಬಹು ಆಯ್ಕೆಯ ಪ್ರಶ್ನೆಗಳನ್ನು ಪ್ರಶ್ನೆಪತ್ರಿಕೆ ತಯಾರಿಸುವವರು ಕೈಬಿಡಲಿ.

– ಇಂಗ್ಲಿಷ್ ಅಧ್ಯಾಪಕರೊಬ್ಬರು